ಮಿಲಿಟ್ರಿ ಮಾವನ ತತ್ತಿ ಚೆಂಡು

ನನ್ನ ಸೋದರಮಾವನ ಬಾಯಿ ದೊಡ್ಡದು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಅವನು ಈ ತುದಿಯಲ್ಲಿ ನಿಂತು ಮಾತಾಡಿದರೆ ಇಂಜಿನ್ನಿನ ಸದ್ದನ್ನೂ ದಾಟಿ ಆ ತುದಿಯವರಿಗೆ ಕೇಳುತ್ತಿತ್ತು. ಹೋದ ತಿಂಗಳು ಅವನು ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಬಂದವರೆಲ್ಲ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನನಗೆ ಅದೊಂದು ಸರಿಬರಲಿಲ್ಲ. ಅವನ ಮನೆಯ ಮುಂದೆ ಯಾರೂ ಯಾವತ್ತೂ ಪಿಸುಗುಟ್ಟಿದವರಲ್ಲ.

ಅವನು ಅವನು ಎಂದು ಬರೆಯುತ್ತಿದ್ದೇನೆ. ಹಿರಿಯರಿಗೆ ಬಹುವಚನ ಕೊಡಬೇಕೆಂದು ನನಗೂ ಗೊತ್ತು, ಜೀವನವೆಲ್ಲ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟವನು ನಾನು. ಆದರೆ ನಮ್ಮ ಕೇರಿಯಲ್ಲಿ ಯಾರೂ ಯಾರಿಗೂ ಬಹುವಚನ ಕೊಡುತ್ತಿರಲಿಲ್ಲ. ಊರಿನ ಕಡೆಯಿಂದ ಒಂದಿಷ್ಟು ಬಂದಿದ್ದರೆ ತಾನೆ ನಾವೂ ಒಬ್ಬರಿಗೊಬ್ಬರು ಹಂಚಿಕೊಳ್ಳುವುದು. ಈಗ ಸತ್ತ ಮೇಲೆ ಅವನನ್ನು ‘ಅವರು’ ಎಂದು ಬರೆದರೆ, ಎದ್ದು ಬಂದು, “ಯಾರಲೇ ಅದು, ಯಾರ ಸುದ್ದಿ ಬರಿಯಾಕ ಹತ್ತೀದಿ?” ಎಂದು ಕೇಳಿಯಾನು.

ಎಲ್ಲರೂ ಅವನನ್ನು ಮಿಲಿಟ್ರಿ ಮಾವ ಎನ್ನುತ್ತಿದ್ದರು. ಯುದ್ಧದ ಕಾಲದಲ್ಲಿ ಗಿರಣಿ ಬಿಟ್ಟು ಪಟಾಲಮ್ಮಿಗೆ ಸೇರಿದ್ದ. ಬಂದೂಕು ಕೊಡುತ್ತಾರೆಂದು ಹೋದವನಿಗೆ ಸಲಿಕೆ ಕೊಟ್ಟರು. ಅಸ್ಸಾಮಿನ ಕಾಡಿನಲ್ಲಿ ಬರ್ಮಾದ ಕಡೆಗೆ ರಸ್ತೆ ಹಾಕುವ ಕೆಲಸ. ಅಲ್ಲಿ ಅಮೆರಿಕಾದ ಸೋಲ್ಜರುಗಳ ಜೊತೆ ಮಣ್ಣು ಹೊತ್ತ. ಯುದ್ಧ ಮುಗಿದು ವಾಪಸು ಬಂದಾಗ ಮೈಮೇಲೆ ಒಂದು ಖಾಕಿ ಕೋಟು, ಕೊರಳಲ್ಲಿ ಒಂದು ಸೀಟಿ, ಬಗಲಲ್ಲಿ ಒಂದು ಚರ್ಮದ ಚೆಂಡು. ಆ ಚೆಂಡು ಗುಂಡಗಿರಲಿಲ್ಲ. ಎರಡೂ ತುದಿ ಚೂಪು, ನಡುವೆ ಹೊಟ್ಟೆ. ನೆಲಕ್ಕೆ ಹಾಕಿದರೆ ಯಾವ ಕಡೆ ಜಿಗಿಯುತ್ತದೆಂದು ಅದಕ್ಕೇ ಗೊತ್ತಿರುತ್ತಿರಲಿಲ್ಲ. ಕೇರಿಯ ಜನ ಅದಕ್ಕೆ ತತ್ತಿ ಚೆಂಡು ಎಂದು ಹೆಸರಿಟ್ಟರು.

“ಇದು ಅಮೆರಿಕಾ ಫುಟ್‌ಬಾಲು,” ಎಂದು ಮಾವ ಎಲ್ಲರಿಗೂ ಹೇಳುತ್ತಿದ್ದ. “ಈ ಜಿಲ್ಲಾದಾಗ ಇದು ಗೊತ್ತಿರೋನು ನಾನೊಬ್ಬನ. ಜಿಲ್ಲಾ ಯಾಕ, ಮದ್ರಾಸಿನ ತನ ಹೋಗಿ ಕೇಳ್ರಿ.”

ಕೊಚ್ಚಿಕೊಳ್ಳುವುದರಲ್ಲಿ ಅವನಿಗೆ ಸಂಕೋಚವೇ ಇರಲಿಲ್ಲ. ಆದರೆ ಕೊಚ್ಚಿಕೊಂಡದ್ದು ಸುಳ್ಳಲ್ಲ.

ಆಗ ನಾನು ಬಳ್ಳಾರಿಯಲ್ಲಿ ಹಾಸ್ಟೆಲಿನಲ್ಲಿದ್ದು ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ನಮ್ಮ ಹಾಸ್ಟೆಲಿನಲ್ಲಿ ಇದ್ದವರೆಲ್ಲ ನನ್ನ ಹಾಗೆ ಬೇರೆ ಬೇರೆ ಊರುಗಳ ಕೇರಿಗಳಿಂದ ಬಂದವರು. ರಜೆಯ ದಿನ ಮಾವ ನಮ್ಮನ್ನೆಲ್ಲ ಸಿರುಗುಪ್ಪಕ್ಕೆ ಕರೆಸಿಕೊಂಡು ಹೊಳೆಯ ಮರಳಿಗೆ ಕರೆದೊಯ್ಯುತ್ತಿದ್ದ. ಮರಳಾದರೆ ಬಿದ್ದರೂ ಮೂಳೆ ಮುರಿಯುವುದಿಲ್ಲ ಎಂಬುದು ಅವನ ಲೆಕ್ಕ. ಹಿಮ್ಮಡಿಯಿಂದ ಮರಳಿನಲ್ಲಿ ಗೆರೆ ಎಳೆಯುತ್ತ ಹಿಂದೆ ಹಿಂದೆ ಹೋಗುವನು. ಅವನಿಗೆ ಯಾವುದನ್ನು ವಿವರಿಸಬೇಕಾದರೂ ನೆಲ ಬೇಕು, ಗೆರೆ ಬೇಕು. ಅವನ ಹೆಂಡತಿ ಅಂಗಳ ಸಾರಿಸಿ ಬಿಟ್ಟಲ್ಲಿ ಈ ಗೆರೆಗಳನ್ನು ಎಳೆದು ಬೈಸಿಕೊಳ್ಳುವುದು ದಿನದ ಮಾತು.

“ಎರಿ ಹೊಲದಾಗ ಗಾಡಿ ಹುಗದೈತಿ ಅನ್ಕೊಳ್ರಿ,” ಎಂದು ಸುರು ಮಾಡುವನು. “ನಿಮಗ ನಾಲ್ಕು ಸಲ ದಬ್ಬಾಕ ಅವಕಾಶ. ನಾಲ್ಕು ಸಲದಾಗ ಗಾಡಿ ಹತ್ತು ಗಜ ಮುಂದ ಹೋತಂದ್ರ ಮತ್ತ ನಾಲ್ಕು ಸಲ ಸಿಗತೈತಿ. ಹೋಗಲಿಲ್ಲಂದ್ರ ಗಾಡಿ ಅವರ ಕೈಗೆ. ಅವರು ತಿರುಗಿಸಿ ಈ ಕಡಿ ದಬ್ಬತಾರ. ಇಷ್ಟ ಆಟ. ಉಳಿದಿದ್ದೆಲ್ಲ ಬರೇ ಬಡಿದಾಟ.”

ಉಳಿದದ್ದೂ ಒಂದಿಷ್ಟು ಇತ್ತು. ಒಂದೊಂದು ಕಡೆಗೆ ಹನ್ನೊಂದು ಜನ. ಚೆಂಡನ್ನು ನೆಲದ ಮೇಲಿಟ್ಟು ಎರಡೂ ಕಡೆಯವರು ಎದುರುಬದುರು ಬಗ್ಗಿ ನಿಲ್ಲಬೇಕು, ಕಾಳಗಕ್ಕೆ ಬಿಟ್ಟ ಟಗರಿನ ಹಾಗೆ. ನಡುವಿನವನು ಚೆಂಡನ್ನು ಕಾಲ ಸಂದಿನಿಂದ ಹಿಂದಕ್ಕೆ ಕೊಡುತ್ತಾನೆ. ಅದನ್ನು ತೆಗೆದುಕೊಂಡವನು ಓಡಬಹುದು, ಇನ್ನೊಬ್ಬನ ಕೈಗೆ ಕೊಡಬಹುದು, ಇಲ್ಲವೆ ಮುಂದೆ ಓಡುತ್ತಿರುವವನಿಗೆ ಎಸೆಯಬಹುದು. ಎಸೆದದ್ದು ನೆಲಕ್ಕೆ ಬಿದ್ದರೆ ಆ ಸಲ ಹೋಯಿತು. ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ಕೆಡವಿದರೆ ಆಟ ಅಲ್ಲಿಗೇ ನಿಲ್ಲುತ್ತದೆ, ಮುಂದಿನ ಸಲ ಅಲ್ಲಿಂದಲೇ. ಕೊನೆಯ ಗೆರೆ ದಾಟಿದರೆ ಆರು. ಆಮೇಲೆ ಎರಡು ಕಂಬಗಳ ನಡುವೆ ಒದ್ದು ಹಾಕಿದರೆ ಇನ್ನೊಂದು.

ಮೊದಲ ದಿನ ನಾವು ಮಾಡಿದ ತಪ್ಪನ್ನು ನೆನೆದರೆ ಈಗಲೂ ನಗು ಬರುತ್ತದೆ. ನಮಗೆ ಗೊತ್ತಿದ್ದದ್ದು ಚೆಡುಗುಡು ಒಂದೇ. ಅದರಲ್ಲಿ ಸಿಕ್ಕಿಬಿದ್ದವನು ಸತ್ತ ಹಾಗೆ, ಎದ್ದು ಹೊರಗೆ ಹೋಗಬೇಕು. ಇಲ್ಲಿಯೂ ಹಾಗೆಯೇ ಎಂದುಕೊಂಡು ಕೆಡವಿಸಿಕೊಂಡವರೆಲ್ಲ ಮರಳು ಕೊಡವಿಕೊಂಡು ಹೋಗಿ ದಂಡೆಯ ಮೇಲೆ ಕೂತೆವು. ಸ್ವಲ್ಪ ಹೊತ್ತಿನಲ್ಲಿ ಮರಳ ಮೇಲೆ ಮಾವ ಮತ್ತು ಚೆಂಡು ಇಬ್ಬರೇ ಉಳಿದರು.

“ಲೇ, ಯಾಕ ಕುಂತ್ರಿ?” ಎಂದು ಕೂಗಿದ.

“ಸತ್ವಿ ಮಾವಾ,” ಎಂದೆ ನಾನು.

“ಈ ಆಟದಾಗ ಸಾಯಂಗಿಲ್ಲಲೇ. ಬಿದ್ದಲ್ಲೇ ಎದ್ದು ನಿಂದರಬೇಕು. ಅದಕ್ಕ ಇದನ್ನ ಅಲ್ಲಿಂದ ಹೊತ್ಕೊಂಡು ಬಂದೀನಿ.”

ಹೊತ್ತುಕೊಂಡು ಬಂದದ್ದಕ್ಕೆ ಬೇರೊಂದು ಕಾರಣವೂ ಇತ್ತು. ಅದನ್ನು ಅವನು ಎಲ್ಲರಿಗೂ ಹೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಹೊಳೆಯಲ್ಲಿ ಮೈ ತೊಳೆದುಕೊಳ್ಳುತ್ತಿದ್ದಾಗ ನನಗೆ ಹೇಳಿದ. ಅಸ್ಸಾಮಿನಲ್ಲಿ ರಸ್ತೆ ಹಾಕುತ್ತಿದ್ದ ಅಮೆರಿಕಾದವರಲ್ಲಿ ಬಹುಪಾಲು ಜನ ಕರಿಯರಂತೆ. ಅವರ ಮೇಲೆ ಬಿಳಿಯ ಸಾಹೇಬರು. ಕರಿಯರಿಗೆ ಬೇರೆ ಗುಡಾರ, ಬೇರೆ ಊಟದ ಮನೆ. ಮಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಇದನ್ನು ತಿಳಿದುಕೊಳ್ಳುವುದಕ್ಕೆ ಅವನಿಗೆ ಯಾವ ಭಾಷೆಯೂ ಬೇಕಾಗಿರಲಿಲ್ಲ.

“ನಮ್ಮೂರ ಬಾವಿ ಅಲ್ಲೀತನ ಬಂದೈತಲ್ಲ ಅನ್ನಿಸ್ತು ನೋಡು,” ಎಂದ. “ಒಂದು ಐತವಾರ ಬಿಳ್ಯಾರಿಗೂ ಕರ್ಯಾರಿಗೂ ಆಟ ಬಿತ್ತು. ನನಗ ಲಾರಿ ಹತ್ತಿಸಿಕೊಂಡು ತಿರುಗತಿದ್ದನಲ್ಲ ಡ್ರೈವರು, ಆಳಂದ್ರ ಆಳು, ಅವನು ಚೆಂಡು ತಗೊಂಡು ಓಡಿದ. ಅವನ ಜೋಡಿ ಒಂದು ಬೆಂಚಿನ ಮ್ಯಾಲೆ ಕುಂದರದ ಸಾಹೇಬ ಬಂದು ಸೊಂಟಕ್ಕ ಕೈ ಹಾಕಿ ತಬ್ಬಿ ಹಿಡದ. ಇಬ್ರೂ ಕೆಸರಿನ್ಯಾಗ ಬಿದ್ರು. ಯಾರು ಕರಿ, ಯಾರು ಬಿಳಿ, ಗುರುತ ಸಿಗಲಿಲ್ಲ. ನಾ ಅವತ್ತು ಚೆಂಡು ನೋಡಲೇ ಇಲ್ಲ ಅಳಿಯಾ.”

ಊರಿಗೆ ಹೊರಡುವಾಗ ಆ ಡ್ರೈವರನೇ ಈ ಚೆಂಡನ್ನು ಕೊಟ್ಟನಂತೆ.

“ನನಗ ಗೆಲುವು ಬ್ಯಾಡ,” ಎಂದ ಮಾವ. “ಬಳ್ಳಾರಿ ಪ್ಯಾಟಿ ಹುಡುಗರಾಗ ಒಬ್ಬ, ಒಬ್ಬನ ಸಾಕು, ಜನ ನೋಡಾಕ ಹತ್ತಿದಾಗ ನಮ್ಮ ಹುಡುಗನ್ನ ಹಿಡದು ಕೆಡವಬೇಕು. ಅಷ್ಟು ನೋಡಿ ಸಾಯ್ತೀನಿ.”

ಅವನಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಸಾಯುವ ಮಾತನ್ನು ಗಿರಣಿಯವರೆಲ್ಲ ಹೀಗೆ ಸುಮ್ಮಸುಮ್ಮನೆ ಆಡುತ್ತಿದ್ದರು. ಆದರೆ ಉಳಿದ ಮಾತು ಸುಮ್ಮನೆ ಆಡಿದ್ದಲ್ಲ ಎಂದು ನನಗೆ ಗೊತ್ತಾಯಿತು.

ಬಳ್ಳಾರಿಯಲ್ಲಿ ಒಂದು ಕ್ಲಬ್ಬು ಇತ್ತು. ಗುಮಾಸ್ತರು, ಮೇಷ್ಟ್ರುಗಳು, ವಕೀಲರ ಮಕ್ಕಳು ಸಂಜೆ ಬ್ಯಾಡ್ಮಿಂಟನ್ ಆಡುವ ಜಾಗ. ಅದರ ಸೆಕ್ರೆಟರಿ ಒಬ್ಬ ಲಾಯರು, ಹೊಸದೆಂದರೆ ಬಾಯಿ ಬಿಡುವ ಮನುಷ್ಯ. ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ತೋರಿಸುವ ತುಂಡು ಚಿತ್ರದಲ್ಲಿ ಈ ಆಟವನ್ನು ನೋಡಿ ಅವರಿಗೆ ಹುಚ್ಚು ಹಿಡಿದಿತ್ತು. ಸಿರುಗುಪ್ಪದ ಹಮಾಲಿಯೊಬ್ಬನ ಹತ್ತಿರ ಆ ಚೆಂಡು ಇದೆ ಎಂದು ಯಾರೋ ಹೇಳಿದರು. ಸೆಕ್ರೆಟರಿ ಹೇಳಿಕಳುಹಿಸಿದರು. ಮಾವ ಖಾಕಿ ಕೋಟು ಹಾಕಿಕೊಂಡು ಬಸ್ಸು ಹತ್ತಿ ಬಂದ. ಕ್ಲಬ್ಬಿನ ಮೆಟ್ಟಿಲ ಕೆಳಗೆ ನಿಂತ, ನಾನು ಅವನ ಪಕ್ಕದಲ್ಲಿ.

“ಚೆಂಡು ಕೊಡ್ತೀಯೇನಪ್ಪ?” ಎಂದರು ಸೆಕ್ರೆಟರಿ.

“ಚೆಂಡು ಕೊಡಂಗಿಲ್ರಿ ಸ್ವಾಮಿ. ಆಟ ಕಲಿಸ್ತೀನಿ. ಆದ್ರ ಆಡಾಕ ಎರಡು ಪಾರ್ಟಿ ಬೇಕಲ್ರಿ. ಇನ್ನೊಂದು ಪಾರ್ಟಿ ನನ್ನ ಹುಡುಗರು.”

ಮೆಟ್ಟಿಲ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಸೆಕ್ರೆಟರಿ ಮೊನ್ನೆ ಮೊನ್ನೆ ತಾನೆ ಕೌಲ್‌ಬಜಾರಿನಲ್ಲಿ ಅಸ್ಪೃಶ್ಯತೆ ತೊಲಗಬೇಕು ಎಂದು ಗಂಟಲು ಹರಿಯುವಂತೆ ಭಾಷಣ ಮಾಡಿ ಬಂದಿದ್ದರು. ಸ್ವಾತಂತ್ರ್ಯ ಬಂದ ಹೊಸದು, ಅಂಥ ಭಾಷಣಕ್ಕೆ ಚಪ್ಪಾಳೆ ಬೀಳುತ್ತಿದ್ದ ಕಾಲ. ಆ ಬಾಯಿಯಲ್ಲಿ ಈಗ ಇಲ್ಲವೆನ್ನುವುದಕ್ಕೆ ಆಗಲಿಲ್ಲ. ಆಗಲಿ ಎಂದರು.

ಮಾವ ಅವರಿಗೂ ಕಲಿಸಿದ. ಅದನ್ನು ನೋಡಬೇಕಾಗಿತ್ತು ನೀವು. ಅವನ ಕೈಯಿಂದ ಚೆಂಡು ತೆಗೆದುಕೊಳ್ಳುವುದು ಅವರಿಗೆ ಆಗದ ಮಾತು. ನೆಲದ ಮೇಲಿಡು ಎನ್ನುವುದಕ್ಕೆ ನಾಚಿಕೆ. ಎಸೆದರೆ ಅಡ್ಡಿಯಿಲ್ಲ ಎಂದು ಹೇಗೋ ಅವರಲ್ಲೇ ತೀರ್ಮಾನವಾಯಿತು. ಹೀಗಾಗಿ ಮಾವ ಎಸೆಯುವುದು, ಅವರು ಹಿಡಿಯುವುದು, ಅವರು ವಾಪಸು ಎಸೆಯುವುದು. ಎರಡು ತಿಂಗಳಲ್ಲಿ ಕ್ಲಬ್ಬಿನವರು ಚೆಂಡೆಸೆಯುವುದರಲ್ಲಿ ಎಂಥ ಪಳಗಿದರೆಂದರೆ ಮೈದಾನದ ಈ ತುದಿಯಿಂದ ಎಸೆದದ್ದು ಆ ತುದಿಯಲ್ಲಿ ಓಡುವವನ ಎದೆಗೇ ಹೋಗಿ ಕೂರುತ್ತಿತ್ತು. ಅವರ ಮಡಿಯಿಂದ ಅವರಿಗೆ ಆದ ಲಾಭ ಇದೊಂದೇ ಇರಬೇಕು. ಹಿಡಿದು ಕೆಡವುವುದನ್ನು ಕಲಿಸುವುದಕ್ಕೆ ಮಾವ ಗೋಣಿಚೀಲಕ್ಕೆ ಹುಲ್ಲು ತುಂಬಿ ಬೇವಿನ ಮರಕ್ಕೆ ನೇತುಹಾಕಿದ. ಚೀಲಕ್ಕೆ ಜಾತಿ ಇರಲಿಲ್ಲ. ಅದರ ಮೇಲೆ ಅವರು ಸಿಂಹಗಳ ಹಾಗೆ ಬೀಳುತ್ತಿದ್ದರು.

ಕ್ಲಬ್ಬಿನ ಕ್ಯಾಪ್ಟನ್ ಖಜಾನೆಯ ಗುಮಾಸ್ತರೊಬ್ಬರು, ವೈಷ್ಣವರ ಮನೆಯವರು. ಎತ್ತರದ ಆಳು. ಹಣೆಯಲ್ಲಿ ಅಂಗಾರದ ಕಪ್ಪು ಗೆರೆ, ಜುಟ್ಟಿನ ಮೇಲೆ ಕರವಸ್ತ್ರ ಬಿಗಿದಿರುತ್ತಿದ್ದರು. ಅವರು ಒರಟರಲ್ಲ. ಮಾವನ ಜೊತೆ ನಗುತ್ತಲೇ ಮಾತಾಡುತ್ತಿದ್ದರು, ಆದರೆ ಯಾವಾಗಲೂ ಐದಾರು ಮೊಳದ ಆಚೆ ನಿಂತು.

ಬಳ್ಳಾರಿಯ ಆಟಕ್ಕೆ ಮೊದಲು ನಮ್ಮ ಕುರುಗೋಡಿನಲ್ಲಿ ಒಂದು ಪರೀಕ್ಷೆ ನಡೆಯಿತು. ಜೋಳ ಕೊಯ್ದ ಹೊಲದಲ್ಲಿ ಕೂಳೆ ಕಿತ್ತು ನಾವು ನಮ್ಮಲ್ಲೇ ಎರಡು ಭಾಗ ಮಾಡಿಕೊಂಡು ಆಡಿದೆವು. ಬದುವಿನ ಮೇಲೆ ಒಂದು ಕಡೆ ಊರಿನವರು, ಇನ್ನೊಂದು ಕಡೆ ಕೇರಿಯವರು ನೆರೆದರು. ಮಾವ ತಗಡಿನ ಕೊಳವೆಯೊಂದನ್ನು ಮಾಡಿಸಿಕೊಂಡಿದ್ದ. ಅದನ್ನು ಬಾಯಿಗಿಟ್ಟುಕೊಂಡು ಗಾಡಿಯ ಕಥೆ ಸುರು ಮಾಡಿದ.

ಆಟದ ನಡುವೆ ಒಂದು ಕಡೆ ವರ್ತುಲವಾಗಿ ನಿಂತು ತಲೆಗೆ ತಲೆ ಕೂಡಿಸಿ ಮುಂದೇನು ಮಾಡುವುದೆಂದು ಮಾತಾಡಿಕೊಳ್ಳುವುದು ಆಟದ ರೂಢಿ. ಅದನ್ನು ಕಂಡು ಒಬ್ಬ ಮುದುಕಿ ಗಾಬರಿಯಾದಳು.

“ಏನಪ್ಪ ಅದು ಗುಸುಗುಸು, ಯಾರ ಮನಿ ಹಾಳ ಮಾಡಾಕ?”

“ಮಸಲತ್ತಬೇ, ಅದೂ ಆಟದಾಗ ಐತಿ,” ಎಂದ ಮಾವ.

“ಕಾಲ್ಚೆಂಡು ಅಂತಿ, ಕೈಯಾಗ ಹಿಡ್ಕೊಂಡು ಓಡ್ತಾರ?”

“ಹೆಸರಿಟ್ಟೋನು ನಾನಲ್ಲವ್ವಾ. ಅಮೆರಿಕಾದೋರನ್ನ ಕೇಳಬೇಕು.”

ಜನ ನಕ್ಕರು. ಆಟಕ್ಕೆ ರಂಗೇರಿತು. ನಾನು ಚೆಂಡು ಹಿಡಿದು ಓಡಿದಾಗ ನಮ್ಮವರೇ ಇಬ್ಬರು ಬಂದು ಕಾಲಿಗೆ ಬಿದ್ದು ಕೆಡವಿದರು. ಊರ ಗೌಡರು ಬದುವಿನ ಮೇಲೆ ಕೂತು ಅಲ್ಲಿಯವರೆಗೂ ಸುಮ್ಮನೆ ನೋಡುತ್ತಿದ್ದವರು ಆಗ ಬಾಯಿ ಬಿಟ್ಟರು.

“ಚಲೋ ಐತಿ ಬಿಡಲೇ. ಇಲ್ಲಿ ನಿಮ್ಮೋರು ನಿಮ್ಮೋರನ್ನ ಹಿಡೀತೀರಿ. ಬಳ್ಳಾರ್ಯಾಗ ಅವರು ನಿಮ್ಮನ್ನ ಹಿಡೀತಾರೇನು?”

ಮಾವ ಕೊಳವೆಯನ್ನು ಬಾಯಿಂದ ತೆಗೆದ.

“ಹಿಡೀಲಿಲ್ಲ ಅಂದ್ರ ಆಟ ಆಗಂಗಿಲ್ರಿ ಗೌಡ್ರ,” ಎಂದ.

ಆ ದಿನ ನಮ್ಮವ್ವ ಅವನಿಗೆ ಊಟಕ್ಕೆ ಬಡಿಸುತ್ತ ಚೆನ್ನಾಗಿ ಬೈದಳು. ಅವನಿಗಿಂತ ದೊಡ್ಡವಳು, ಬೈಯುವ ಹಕ್ಕು ಅವಳಿಗಿತ್ತು. “ನಿನಗ ಹುಚ್ಚು ಹಿಡದೈತಿ. ಅವರ ಮೈ ಮುಟ್ಟಿ ಬಂದ್ರ ನಾಳೆ ಬಡಿಗಿ ತಗೊಂಡು ಬರ್ತಾರ. ನನ್ನ ಮಗ ಓದಾಕ ಹೋಗ್ಯಾನ, ಬಡಿಸ್ಕೊಳ್ಳಾಕಲ್ಲ,” ಎಂದಳು. ಮಾವ ರೊಟ್ಟಿ ಮುರಿಯುತ್ತ ಅವಳ ಮಾತನ್ನು ಪೂರ್ತಿ ಕೇಳಿದ. ಆಮೇಲೆ ನಮ್ಮೆಲ್ಲರನ್ನೂ ಕರೆದು ಒಂದು ಅಪ್ಪಣೆ ಮಾಡಿದ. ಬಳ್ಳಾರಿಯಲ್ಲಿ ನಾವಾಗಿ ಯಾರನ್ನೂ ಮೊದಲು ಹಿಡಿಯಕೂಡದು. ಅವರು ನಮ್ಮನ್ನು ಹಿಡಿದ ಮೇಲೆ ನಾವು ಹಿಡಿಯಬೇಕು.

ಬಳ್ಳಾರಿಯ ಗುಡ್ಡದ ಕೆಳಗಿನ ಬಯಲಿನಲ್ಲಿ ಒಂದು ಐತವಾರ ಸಂಜೆ ಆಟ. ಎಲ್ಲಿಂದ ಬಂದರೋ ಜನ. ಸಿರುಗುಪ್ಪದಿಂದ ಹಮಾಲರು ಗಾಡಿ ಕಟ್ಟಿಕೊಂಡು ಬಂದಿದ್ದರು, ಕರೂರಿನಿಂದ, ಮೋಕದಿಂದ ಬಂದವರಿದ್ದರು, ಪೇಟೆಯ ಅಂಗಡಿಯವರು, ದರ್ಜಿಗಳು, ಕೋರ್ಟಿನ ಜವಾನರು. ಜಾಗ ಸಿಗದವರು ಬಂಡೆ ಹತ್ತಿ ಕೂತರು. ಸೆಕ್ರೆಟರಿ ಶಾಲೆಯಿಂದ ಕರಿಹಲಗೆ ತರಿಸಿ ಸೀಮೆಸುಣ್ಣ ಹಿಡಿದು ನಿಂತಿದ್ದರು. ಮಾವನೇ ಅಂಪೈರು, ಏಕೆಂದರೆ ನಿಯಮ ಗೊತ್ತಿದ್ದವರು ಬೇರೆ ಯಾರಿದ್ದರು. ಕನ್ನಡದಲ್ಲಿ, ತೆಲುಗಿನಲ್ಲಿ, ತನಗೆ ಬಂದಷ್ಟು ಉರ್ದುವಿನಲ್ಲಿ ಕೊಳವೆಯಿಂದ ಗಾಡಿಯ ಕಥೆ ಹೇಳಿ, ಕೋಟಿನ ಗುಂಡಿ ಹಾಕಿಕೊಂಡು ಸೀಟಿ ಊದಿದ.

ಚೆಂಡು ನನ್ನ ಕೈಗೆ ಬಂತು. ಓಡಿದೆ. ಎದುರಿಗೆ ಕ್ಲಬ್ಬಿನವರು ಬಂದರು, ಎರಡೂ ಕೈ ಚಾಚಿ ಬಂದರು, ಹತ್ತಿರ ಬಂದ ಮೇಲೆ ಕೈ ಹಿಂದಕ್ಕೆ ಎಳೆದುಕೊಂಡು ಪಕ್ಕಕ್ಕೆ ಸರಿದರು. ದಿನಾಲು ಬೀದಿಯಲ್ಲಿ ಯಾರು ಯಾರಿಗೆ ಸರಿಯಬೇಕಾಗಿತ್ತೋ ಅದು ಇಲ್ಲಿ ತಿರುಗಾಮುರುಗಾ ಆಗಿತ್ತು. ನಾನು ಓಡಿ ಗೆರೆ ದಾಟಿದೆ. ಆರು. ಆಮೇಲೆ ಅವರ ಸರದಿ. ಕ್ಯಾಪ್ಟನ್ ಚೆಂಡೆಸೆದರು, ಅವರ ಕಡೆಯವನೊಬ್ಬ ಹಿಡಿದು ಓಡಿದ, ನಮ್ಮವರು ಮಾವನ ಅಪ್ಪಣೆಯಂತೆ ಕೈಕಟ್ಟಿ ದಾರಿ ಬಿಟ್ಟರು. ಆರು. ಮತ್ತೆ ನಾವು. ಮತ್ತೆ ಅವರು. ಎದುರುಬದುರು ಬಗ್ಗಿ ನಿಂತವರು ಸೀಟಿ ಊದಿದ ಕೂಡಲೇ ಡಿಕ್ಕಿ ಹೊಡೆಯುವ ಬದಲು ಒಬ್ಬರಿಗೊಬ್ಬರು ಜಾಗ ಮಾಡಿಕೊಟ್ಟು ನಿಲ್ಲುತ್ತಿದ್ದರು. ಲೋಕದಲ್ಲಿ ಇಷ್ಟು ಸಭ್ಯವಾಗಿ ಈ ಆಟವನ್ನು ಯಾರೂ ಆಡಿರಲಿಕ್ಕಿಲ್ಲ. ಹಲಗೆಯ ತುಂಬ ಆರುಗಳು ಬಿದ್ದವು.

ಜನಕ್ಕೆ ಬೇಸರ ಬಂತು. “ಇದೇನು ಆಟ, ಒಬ್ಬರಾದ ಮ್ಯಾಲೊಬ್ಬರು ಹೊಲಕ್ಕ ಹೋಗಿ ಬಂದಂಗೈತಿ,” ಎಂದ ಒಬ್ಬ. ಬಂಡೆಯ ಮೇಲಿದ್ದವರು ಇಳಿಯತೊಡಗಿದರು. ಸಿರುಗುಪ್ಪದ ಗಾಡಿಯವರು ಎತ್ತು ಹೂಡಲು ಎದ್ದರು. ನಾನು ಮಾವನ ಮುಖ ನೋಡಿದೆ. ಅಷ್ಟು ದೊಡ್ಡ ಬಾಯಿಯ ಮನುಷ್ಯ, ಸೀಟಿ ಕಚ್ಚಿಕೊಂಡು ಸುಮ್ಮನೆ ನಿಂತಿದ್ದ. ಕಣ್ಣು ತುಂಬಿದ್ದವು. ಇನ್ನು ಅರ್ಧ ಗಂಟೆ ಹೀಗೇ ನಡೆದರೆ ಇವನ ಆಟ ಬಳ್ಳಾರಿಗೆ ಒಂದು ನಗೆಚಾಟಿಕೆಯಾಗಿ ಮುಗಿಯುತ್ತದೆ, ಆ ಕ್ಲಬ್ಬಿನವರು ಇನ್ನೊಂದು ಸಲ ನಮ್ಮ ಎದುರಿಗೆ ನಿಲ್ಲುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಮಾವ ಸೀಟಿ ಊದಿದ. ನೆಟ್ಟಗೆ ಹಲಗೆಯ ಹತ್ತಿರ ನಡೆದ. ತನ್ನ ಕೋಟಿನ ತೋಳಿನಿಂದ ಎಲ್ಲ ಆರುಗಳನ್ನೂ ಒರೆಸಿ ಹಾಕಿದ.

“ಏನೋ ಇದು?” ಎಂದರು ಸೆಕ್ರೆಟರಿ.

ಮಾವ ಕೊಳವೆಯನ್ನು ಜನರ ಕಡೆಗೆ ತಿರುಗಿಸಿದ.

“ಇಲ್ಲಿ ಕೂಡಿದ ಬಳ್ಳಾರಿ ದೈವಕ್ಕ ಅಡ್ಡಬಿದ್ದು ಹೇಳ್ತೀನ್ರಿ. ನೀವು ಇಲ್ಲೀತನ ನೋಡಿದ್ದು ಆಟ ಅಲ್ಲ. ಆಟ ಇನ್ನ ಸುರು ಆಗಿಲ್ಲ. ಚೆಂಡು ಹಿಡದೋನನ್ನ ಎದುರಿನೋನು ಹಿಡದು ನೆಲಕ್ಕ ಕೆಡವಬೇಕು. ಅದು ಈ ಆಟದ ಮೊದಲನೇ ಕಾಯ್ದೆ. ಅಲ್ಲೀತನ ಯಾರು ಎಷ್ಟು ಓಡಿದ್ರೂ ನಾ ಲೆಕ್ಕಕ್ಕ ಹಿಡಿಯಂಗಿಲ್ಲ. ಎರಡೂ ಕಡಿ ಸೊನ್ನಿ. ಹೋಗೋರು ಹೋಗ್ರಿ. ಆಟ ನೋಡೋರು ಕುಂದರ್ರಿ.”

ಇಳಿಯುತ್ತಿದ್ದವರು ನಿಂತರು. ಕುಸ್ತಿ ನೋಡಿ ಬೆಳೆದ ಊರು ಬಳ್ಳಾರಿ. ಹಿಡಿಯುವುದು, ಕೆಡವುವುದು ಎಂದರೆ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಷ್ಟು ಹೊತ್ತೂ ತಮಗೆ ಮೋಸವಾಗಿತ್ತೆಂದು ಆಗ ಅವರಿಗೆ ತಿಳಿಯಿತು. ಬಂಡೆಯ ಮೇಲಿಂದ ಮೊದಲು ಯಾರೋ ಒಬ್ಬ, “ಹಿಡೀರಿ,” ಎಂದ. ದರ್ಜಿಗಳು ದನಿ ಕೂಡಿಸಿದರು. ಕೋರ್ಟಿನ ಜವಾನರು ಕೂಗಿದರು. ಬೀದಿಯಲ್ಲಿ ನಮ್ಮ ನೆರಳು ಬಿದ್ದರೆ ಸಿಡುಕುತ್ತಿದ್ದ ಅದೇ ಜನ, ಆಟ ನೋಡುವ ಆಸೆಗೆ, ನಮ್ಮನ್ನು ಹಿಡಿಯಿರಿ ಹಿಡಿಯಿರಿ ಎಂದು ತಮ್ಮವರನ್ನೇ ಬೈಯತೊಡಗಿದರು.

“ಏನ್ರೀ ಕ್ಯಾಪ್ಟನ್ನರ, ಮೈಯಾಗ ಕಸುವಿಲ್ಲೇನ್ರಿ?” ಎಂದು ಯಾರೋ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿತು. ಕ್ಯಾಪ್ಟನ್ನರಿಗೂ ಕೇಳಿತು. ಅವರ ಮುಖ ಕೆಂಪೇರಿತು.

ಸೀಟಿ ಆಯಿತು. ಚೆಂಡು ನನ್ನ ಕೈಗೆ ಬಂತು. ಬಲಗಡೆಯಿಂದ ಸುತ್ತಿಕೊಂಡು ಓಡಿದೆ. ಇಬ್ಬರು ಎಂದಿನಂತೆ ಸರಿದು ನಿಂತರು. ಮೂರನೆಯವರು ಕ್ಯಾಪ್ಟನ್. ಅವರು ಸರಿಯಲಿಲ್ಲ. ತಲೆ ತಗ್ಗಿಸಿ ಬಂದು ತಮ್ಮ ಹೆಗಲನ್ನು ನನ್ನ ಪಕ್ಕೆಗೆ ಕೊಟ್ಟು, ಎರಡೂ ತೋಳಿ‌ನಿಂದ ಸೊಂಟವನ್ನು ಬಳಸಿ ಹಿಡಿದು ಎತ್ತಿ ಒಗೆದರು. ನಾನು ಕೆಳಗೆ, ಅವರು ಮೇಲೆ. ಬಾಯಿಗೆ ಮಣ್ಣು ಬಂತು. ಅವರ ಉಸಿರು ನನ್ನ ಕಿವಿಗೆ ಬಡಿಯುತ್ತಿತ್ತು. ಅವರ ಹಣೆಯ ಅಂಗಾರ ನನ್ನ ಬನಿಯನ್ನಿಗೆ ಹತ್ತಿತ್ತು.

ಕ್ಯಾಪ್ಟನ್ ನನ್ನ ಸೊಂಟದ ಹಿಡಿತ ಬಿಟ್ಟಿರಲಿಲ್ಲ. ಬಿಡಬೇಕೆಂದು ಅವರಿಗೆ ತೋಚಿರಲಿಲ್ಲ.

ಮಾವ ಸೀಟಿ ಊದಿದ. ಊದಿದ, ಊದಿದ, ನಿಲ್ಲಿಸಲೇ ಇಲ್ಲ. ಕೊನೆಗೆ ಉಸಿರು ಮುಗಿದು ಸೀಟಿ ತೆಗೆದು ಕೊಳವೆ ಹಿಡಿದ. ಆದರೂ ಅಂಪೈರಿನ ಕೆಲಸ ಬಿಡಲಿಲ್ಲ.

“ಹಿಡದ್ರು. ಹಿಡದು ಕೆಡವಿದ್ರು. ಮೂರು ಗಜ ಲುಕ್ಸಾನು. ಇನ್ನ ಮೂರು ಸಲ ಐತಿ. ಆಟ ಸುರು ಆಗೈತ್ರಪ್ಪೋ.”

ಬಂಡೆಗಳು ಉರುಳಿದ ಹಾಗೆ ಚಪ್ಪಾಳೆ ಬಿತ್ತು.

ಆಮೇಲೆ ಆದದ್ದು ಆಟ. ನಮ್ಮವರಿಗೂ ಅಪ್ಪಣೆ ಸಡಿಲಾಯಿತು. ಮೂಟೆ ಹೊತ್ತವರ ಮಕ್ಕಳು ನಾವು, ಒಬ್ಬೊಬ್ಬರನ್ನೂ ಹಿಡಿದು ನೆಲಕ್ಕೆ ಕೂರಿಸಿದೆವು. ಅವರೂ ಬಿಡಲಿಲ್ಲ. ಎಸೆತಗಳಲ್ಲಿ ಅವರು ಮೇಲು, ನುಗ್ಗುವುದರಲ್ಲಿ ನಾವು. ಯಾರ ಕಾಲು ಯಾರ ಕೊರಳ ಮೇಲೆ, ಯಾರ ಮೊಣಕೈ ಯಾರ ಮೂಗಿಗೆ, ಯಾವುದಕ್ಕೂ ಲೆಕ್ಕವಿರಲಿಲ್ಲ. ಮೇಷ್ಟ್ರೊಬ್ಬರು ನನ್ನ ಕಾಲು ಹಿಡಿದು ಜಗ್ಗುತ್ತ, “ಬಿಡಂಗಿಲ್ಲ ಮಗನ,” ಎಂದರು. ಇಷ್ಟು ಪ್ರೀತಿಯಿಂದ ಊರಿನವರು ಯಾರೂ ನನ್ನನ್ನು ಅದಕ್ಕೆ ಮೊದಲು ಬೈದಿರಲಿಲ್ಲ. ಒಂದು ಸಲ ಹತ್ತು ಗಜ ಆಯಿತೋ ಇಲ್ಲವೋ ಎಂದು ಜಗಳ ಬಿತ್ತು. ಕ್ಯಾಪ್ಟನ್ ನೆಟ್ಟಗೆ ಮಾವನ ಹತ್ತಿರ ಬಂದು, ಮೈಗೆ ಮೈ ತಾಗುವಷ್ಟು ಹತ್ತಿರ ನಿಂತು, “ಇಲ್ರೀ ಮಾಸ್ತರ್ರ, ಇದು ಅನ್ಯಾಯ, ಹತ್ತಾಗಿಲ್ಲ,” ಎಂದು ವಾದ ಹೂಡಿದರು. ಮಾವ ಅಳೆಯುವುದನ್ನೇ ಮರೆತು ಅವರನ್ನೇ ನೋಡುತ್ತ ನಿಂತಿದ್ದ. ಆಮೇಲೆ ಅಳೆದು ನೋಡಿದರೆ ಕ್ಯಾಪ್ಟನ್ ಹೇಳಿದ್ದೇ ಸರಿ. ಚೆಂಡು ಅವರಿಗೆ ಕೊಟ್ಟ. ಈ ಸಲ ಕೈಯಿಂದ ಕೈಗೆ ಕೊಟ್ಟ, ಅವರು ತೆಗೆದುಕೊಂಡರು. ಜಗಳದ ಬಿಸಿಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಹೊತ್ತು ಮುಳುಗುವ ಹೊತ್ತಿಗೆ ಎರಡೂ ಕಡೆ ಆರಾರು ಆಗಿತ್ತು. ಕೊನೆಯ ಗೆರೆಗೆ ಮೂರು ಗಜದಲ್ಲಿ ನಮ್ಮ ಚೆಂಡು, ಉಳಿದದ್ದು ನಮ್ಮ ನಾಲ್ಕನೇ ಸಲ ಒಂದೇ. ನಾನು ನಟ್ಟನಡುವೆ ನುಗ್ಗಿದೆ. ಮೊದಲು ಕ್ಯಾಪ್ಟನ್ ಹಿಡಿದರು, ಆಮೇಲೆ ಮೇಷ್ಟ್ರು, ಆಮೇಲೆ ಇನ್ನೂ ಯಾರೋ ಬೆನ್ನ ಮೇಲೆ ಬಿದ್ದರು. ಹಿಂದಿನಿಂದ ನಮ್ಮವರೆಲ್ಲ ದಬ್ಬಿದರು. ಅಷ್ಟೂ ಜನ ಒಂದು ಮುದ್ದೆಯಾಗಿ ಗೆರೆಯಾಚೆ ಬಿದ್ದೆವು. ಅಡಿಯಲ್ಲಿ ನಾನು, ನನ್ನ ಹೊಟ್ಟೆಯಡಿ ಚೆಂಡು. ನಾವು ಗೆದ್ದೆವು.

ಸಿರುಗುಪ್ಪದ ಹಮಾಲರು ಮಾವನನ್ನು ಹೆಗಲ ಮೇಲೆ ಹೊತ್ತು ಬಯಲು ಸುತ್ತಿದರು. ಮೂಟೆ ಹೊರುವವನು ತಾನೇ ಮೂಟೆಯಾದ ಎಂದು ಅವನು ಮೇಲಿನಿಂದಲೇ ಕೊಳವೆಯಲ್ಲಿ ಸಾರಿದ. ಮರುದಿನ ಬಳ್ಳಾರಿಯ ಬಾವಿಗಳು, ಹೋಟೆಲುಗಳು ಎಂದಿನಂತೆಯೇ ಇದ್ದವು, ನಾನೇನು ಕಥೆ ಕಟ್ಟುವುದಿಲ್ಲ. ಕ್ಯಾಪ್ಟನ್ನರ ಮನೆಯಲ್ಲಿ ಅವರಿಗೆ ಅಂಗಳದಲ್ಲೇ ತಲೆಯ ಮೇಲೆ ನೀರು ಸುರಿದರೆಂದು ಸುದ್ದಿ ಬಂತು. ಆದರೆ ಮುಂದಿನ ಐತವಾರ ಅವರು ಮತ್ತೆ ಮೈದಾನಕ್ಕೆ ಬಂದರು, ಅದರ ಮುಂದಿನ ಐತವಾರವೂ ಬಂದರು. ಚೆಂಡು ಹರಿದು ಹೊಲಿಗೆ ಹಿಡಿಯದಂತಾಗುವವರೆಗೆ ನಾವು ಎರಡು ವರ್ಷ ಒಬ್ಬರನ್ನೊಬ್ಬರು ಕೆಡವಿಕೊಂಡೆವು. ಮಾವ ಸಾಯುವ ತನಕ ತನ್ನನ್ನು ಬಳ್ಳಾರಿಯ ಅಂಪೈರು ಎಂದೇ ಪರಿಚಯ ಮಾಡಿಕೊಳ್ಳುತ್ತಿದ್ದ. ಹಕ್ಕಿನಿಂದ ಹೇಳಿಕೊಳ್ಳುತ್ತಿದ್ದ.

ಆಟದ ಮರುದಿನ ಬೆಳಗ್ಗೆ ಮಾವನೂ ನಾನೂ ಕುರುಗೋಡಿಗೆ ಹೋದೆವು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಅಂಗಿ ತೆಗೆದು ಕೂತೆ. ಎಡಪಕ್ಕೆಯಿಂದ ಬೆನ್ನಿನವರೆಗೆ ಒಂದು ತೋಳಿನಗಲಕ್ಕೆ ನೀಲಿಗಟ್ಟಿತ್ತು. ರೊಟ್ಟಿಯ ಸಪ್ಪಳ ನಿಂತಿತು. ನಮ್ಮ ಕೇರಿಯಲ್ಲಿ ಯಾರ ಮೈಮೇಲೆ ಆ ಬಣ್ಣ ಕಂಡರೂ ಅದರ ಹಿಂದೆ ಊರಿನವರ ಬಡಿಗೆ ಇರುತ್ತಿತ್ತು. ನಮ್ಮಪ್ಪನ ಬೆನ್ನಿನ ಮೇಲೆ ಅವಳು ಅದನ್ನು ನೋಡಿದ್ದಳು, ತನ್ನಪ್ಪನ ಬೆನ್ನಿನ ಮೇಲೂ ನೋಡಿದ್ದಳು.

“ಯಾರು ಹೊಡದ್ರಪ್ಪಾ?” ಎಂದಳು. ಕೇಳಿಸದಷ್ಟು ಸಣ್ಣ ದನಿ.

ಬಾಗಿಲಲ್ಲಿ ನಿಂತಿದ್ದ ಮಾವ ಇಡೀ ಕೇರಿಗೆ ಕೇಳುವಂತೆ ಹೇಳಿದ.

“ಹೊಡದಿಲ್ಲ ಅಕ್ಕಾ. ಹಿಡದಾರ. ತೆಕ್ಕಿಬಿದ್ದು ಹಿಡದಾರ. ಕೈ ಹಾಕಿ ನೋಡು, ಅದು ಬಡಿಗಿ ಬರಿ ಅಲ್ಲ, ಮನುಷ್ಯಾನ ತೋಳು.”

ಅವ್ವ ಹಿಟ್ಟಿನ ಕೈಯನ್ನು ನನ್ನ ಪಕ್ಕೆಯ ಮೇಲಿಟ್ಟಳು. ಆ ನೀಲಿಯ ಉದ್ದಕ್ಕೂ ಮೆಲ್ಲಗೆ ಕೈಯಾಡಿಸಿದಳು. ಒಂದು ಸಲ ನನ್ನ ಮುಖ ನೋಡಿದಳು, ಒಂದು ಸಲ ತಮ್ಮನ ಮುಖ ನೋಡಿದಳು. ಆಮೇಲೆ ರೊಟ್ಟಿ ಹೊತ್ತುವುದನ್ನೂ ಮರೆತು ನನ್ನನ್ನು ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋಗಿ, ಪಕ್ಕದ ಮನೆಯವಳನ್ನು ಕೂಗಿದಳು.

“ಬಾರವ್ವಾ, ಬಂದು ನೋಡು ಬಾ. ನನ್ನ ಮಗನ್ನ ಹಿಡದಾರ.”